ಮರ್ಯಾದೆಯಿಂದ ಕೇಳಿದವರಿಗೆ ಮೊದಲು

ಫೆಬ್ರವರಿ 3

ತಮ್ಮಾ,

ನಿನ್ನ ಕಾಗದ ಬಂತು. ಫೋನಿನಲ್ಲಾದರೆ ನಾನು ಅರ್ಧಕ್ಕೇ ಇಟ್ಟುಬಿಡುತ್ತೇನೆ, ಕಾಗದವಾದರೆ ಕೊನೆಯವರೆಗೂ ಓದುತ್ತೇನೆ ಅಂತ ಬರೆದಿದ್ದೀಯ. ಓದಿದೆ. ಓದಿ ಮುಗಿಸುವಷ್ಟರಲ್ಲಿ ಸಿಟ್ಟು ಬಂತು. ಫೋನಿಗೂ ಇದಕ್ಕೂ ಏನು ವ್ಯತ್ಯಾಸವಾಯಿತು?

ಕುರ್ಚಿಯ ಕಂತು ಯಾಕೆ ಕಟ್ಟಿಲ್ಲ ಅಂತ ಕೇಳಬೇಕಿತ್ತು ನಿನಗೆ. ಅಷ್ಟಕ್ಕೆ ಒಂದೂವರೆ ಪುಟ ಕ್ಷೇಮಸಮಾಚಾರ. ಸ್ಟೇಷನ್ನಿನ ಮೈಕಿನ ಮುಂದೆ ಕೂತು ಕೂತು ನಿನಗೆ ಇದೇ ಚಾಳಿ. ಯಾರದೋ ಗಾಡಿ ತಡವಾಗಿ ಬಂದರೆ ನೀನು ಕ್ಷಮೆ ಕೇಳುವವನು. ಕುರ್ಚಿಯ ಸಾಲಕ್ಕೆ ಜಾಮೀನು ಹಾಕಿದವನು ನೀನು, ನೇರವಾಗಿ ಕೇಳುವ ಹಕ್ಕಿದೆ. ಕೇಳಲಿಲ್ಲ. ಇರಲಿ, ನಾನೇ ಹೇಳುತ್ತೇನೆ.

ದುಡ್ಡಿಲ್ಲ ಅಂತ ಕಟ್ಟದೆ ಇಲ್ಲ. ಕ್ಷೌರದಂಗಡಿ ನಡೆಯುತ್ತಿದೆ. ಈ ಹೊಸ ಕುರ್ಚಿ ಬಂದ ಮೇಲೆ ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತಿದೆ. ಕಾಲಿನಿಂದ ಒತ್ತಿದರೆ ಸುಯ್ ಅಂತ ನೆಲದ ಹತ್ತಿರಕ್ಕೆ ಇಳಿಯುತ್ತದೆ. ನಮ್ಮ ನಿವೃತ್ತ ಪೋಸ್ಟ್‌ಮನ್ನು ಮಂಡಿನೋವಿಗೆ ಹೆದರಿ ಆರು ತಿಂಗಳು ಗಡ್ಡ ಬಿಟ್ಟುಕೊಂಡಿದ್ದವನು, ಈಗ ವಾರಕ್ಕೊಮ್ಮೆ ಬಂದು ರಾಜನ ಹಾಗೆ ಕೂರುತ್ತಾನೆ. ಅಪ್ಪನ ಹಳೆಯ ಕುರ್ಚಿ ಹಿಂದಿನ ಕೋಣೆಯಲ್ಲಿದೆ. ಅದಕ್ಕೆ ಹತ್ತಬೇಕಾದರೆ ಏಣಿ ಬೇಕಿತ್ತು, ಮುದುಕರಿಗೆ ಅದು ಆಗುವ ಮಾತಲ್ಲ.

ಕಂತಿನ ವಿಷಯ ಹೀಗೆ. ಕನ್ನಡಿಯ ಮೇಲಿನ ಗೋಡೆಗೆ ಒಂದು ಸಾಲು ಮೊಳೆ ಹೊಡೆದಿದ್ದೇನೆ. ಬರುವ ಬಿಲ್ಲನ್ನೆಲ್ಲ ಅದಕ್ಕೆ ಚುಚ್ಚುತ್ತೇನೆ. ಮರ್ಯಾದೆಯಿಂದ ಕೇಳಿದವರದು ಮೊದಲನೆಯ ಮೊಳೆಗೆ. ಸುಮ್ಮನೆ ಕಾಗದ ಎಸೆದು ಹೋಗುವವರದು ನಡುವಿನದಕ್ಕೆ. ಬಾಯಿ ಹರಿಬಿಡುವವರದು ಕೊನೆಯದಕ್ಕೆ. ಮೊದಲನೆಯ ಮೊಳೆ ಖಾಲಿಯಾದ ಮೇಲೆ ಎರಡನೆಯದು, ಅದಾದ ಮೇಲೆ ಕೊನೆಯದು. ಕರೆಂಟಿನವನು ಬಾಗಿಲಲ್ಲೇ ನಿಂತು, "ಒಳಗೆ ಬರಬಹುದಾ ಅಮ್ಮಾ?" ಅನ್ನುತ್ತಾನೆ. ಅವನಿಗೆ ಅವತ್ತೇ ಕಟ್ಟುತ್ತೇನೆ. ಫೋನಿನಲ್ಲಿ ಒಬ್ಬ ಹುಡುಗಿ ಕರೆ ಮಾಡುತ್ತಾಳೆ, ಸಕ್ಕರೆಯಂಥ ಮಾತು. "ನಮಸ್ಕಾರ, ತಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು" ಅನ್ನುತ್ತಾಳೆ. ನನ್ನ ಸಮಯವನ್ನು ಅಮೂಲ್ಯ ಅಂದವರು ಹುಟ್ಟಿದಾಗಿನಿಂದ ಯಾರೂ ಇರಲಿಲ್ಲ. ಅವಳು ಒಂದನ್ನು ಒತ್ತಿ ಅಂದರೆ ಒಂದನ್ನು ಒತ್ತುತ್ತೇನೆ.

ಸಾಲದ ಕಂಪನಿಯವನು ಮಾತ್ರ ಕೊನೆಯ ಮೊಳೆ. ಅವನಿಗೆ ಗುಡುಗು ಅಂತ ಹೆಸರಿಟ್ಟಿದ್ದೇನೆ. ನವೆಂಬರಿನಲ್ಲಿ ಒಂದೇ ಒಂದು ವಾರ ತಡವಾಗಿತ್ತು. ಅಂಗಡಿ ತುಂಬ ಜನ, ಪೋಸ್ಟ್‌ಮನ್ನಿನ ಮುಖಕ್ಕೆ ನೊರೆ ಹಚ್ಚುತ್ತಿದ್ದೆ. ಬಾಗಿಲಿಗೆ ಕಾಲು ಕೊಟ್ಟು ನಿಂತು, "ಏಯ್ ಮುದುಕಿ, ದುಡ್ಡು ಬಿಸಾಕು" ಅಂದ.

"ಬಿಸಾಕೋಕೆ ಅದೇನು ಕೂದಲೇನೋ?" ಅಂದೆ. "ಬಾಯಿ ತೊಳ್ಕೊಂಡು ಬಾ, ಆಮೇಲೆ ಮಾತು."

ಅವನು ಪ್ರತಿ ತಿಂಗಳೂ ಬರುತ್ತಾನೆ, ಬಾಯಿ ಮಾತ್ರ ತೊಳೆದಿರುವುದಿಲ್ಲ. ಕುರ್ಚಿ ಎತ್ತಿಕೊಂಡು ಹೋಗುತ್ತೇನೆ ಅನ್ನುತ್ತಾನೆ. ಹೋಗಲಿ ನೋಡೋಣ. ನಾನು ನಾಲ್ಕನೇ ಕ್ಲಾಸಿನಲ್ಲಿ, "ಏ ಕತ್ತೆ, ಏಳು" ಅಂದ ಮೇಷ್ಟರ ಮೇಜಿನ ಮೇಲೆ ಸ್ಲೇಟು ಇಟ್ಟು ಮನೆಗೆ ಬಂದವಳು. ಮತ್ತೆ ಆ ಕಡೆ ಹೋಗಲಿಲ್ಲ. ಮೇಷ್ಟರಿಗೆ ಬಗ್ಗದವಳು ಇವನಿಗೆ ಬಗ್ಗುತ್ತೇನಾ?

ನಿನ್ನ ಹೆಂಡತಿಯ ಕೈಗೆ ಕಾಗದ ಸಿಕ್ಕರೆ ಅವಳೂ ಓದಲಿ, ಗುಟ್ಟೇನಿಲ್ಲ.

ಇತಿ,
ಸಿಟ್ಟಿನಲ್ಲಿರುವ ನಿನ್ನ ಅಕ್ಕ

ಫೆಬ್ರವರಿ 11

ಅಕ್ಕನಿಗೆ ನಮಸ್ಕಾರಗಳು.

ನೀನು ಕ್ಷೇಮವೆಂದು ನಿನ್ನ ಸಿಟ್ಟಿನಿಂದಲೇ ತಿಳಿಯಿತು. ಸಮಾಧಾನವಾಯಿತು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಚಳಿ ಕಡಿಮೆಯಾಗಿದೆ. ಗಾಡಿಗಳೂ ಒಂದಿಷ್ಟು ಸಮಯಕ್ಕೆ ಸರಿಯಾಗಿ ಬರುತ್ತಿವೆ.

ಬೇಜಾರು ಮಾಡಿಕೊಳ್ಳದಿದ್ದರೆ ಎರಡು ಮಾತು. ಕರೆಂಟಿನ ಬಿಲ್ಲು ಹತ್ತು ದಿನ ತಡವಾದರೆ ಬೀಳುವ ದಂಡ ಒಂದು ಶೇವಿಂಗಿನ ದುಡ್ಡಿನಷ್ಟೂ ಇಲ್ಲ. ಕುರ್ಚಿಯ ಕಂತು ತಡವಾದರೆ ಬಡ್ಡಿಯ ಮೇಲೆ ಬಡ್ಡಿ, ಅದರ ಮೇಲೆ ದಂಡ. ಯಾರು ಹೇಗೆ ಮಾತಾಡುತ್ತಾರೆ ಎಂದು ಬಡ್ಡಿ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಕೊನೆಯ ಮೊಳೆಯನ್ನು ಮೊದಲನೆಯದಾಗಿ ನೋಡಿದರೆ ಒಳ್ಳೆಯದಿತ್ತು ಎಂದು ನನ್ನ ಅನಿಸಿಕೆ. ಅನಿಸಿಕೆ ಮಾತ್ರ.

ಇನ್ನೊಂದು ವಿಷಯವನ್ನು ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ನಿನ್ನ ಸಕ್ಕರೆ ಹುಡುಗಿ ಮನುಷ್ಯಳಲ್ಲ. ಅದು ಮಿಷನ್ನು. ಒಬ್ಬರ ದನಿಯನ್ನು ಒಂದು ಸಲ ಹಿಡಿದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕೇಳಿಸುತ್ತಾರೆ. ನಮ್ಮ ಸ್ಟೇಷನ್ನಿನಲ್ಲೂ ನನ್ನ ದನಿಯನ್ನು ಹಾಗೆ ಹಿಡಿದಿಟ್ಟಿದ್ದಾರೆ. ನಾನು ಊಟಕ್ಕೆ ಹೋದಾಗ ನಾನೇ ಹೊರಗೆ ಮಾತಾಡುತ್ತಿರುತ್ತೇನೆ. ಮೊದಮೊದಲು ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಈಗ ಅಭ್ಯಾಸವಾಗಿದೆ.

ಅವಳು ಹೇಳಿದಂತೆ ಒಂದನ್ನು ಒತ್ತಿ ಒತ್ತಿ ಏನೇನು ತೆಗೆದುಕೊಂಡಿದ್ದೀಯ ಎಂದು ಒಮ್ಮೆ ನೋಡುತ್ತೀಯಾ?

ಜಾಮೀನಿನಿಂದ ನನಗೇನೂ ತೊಂದರೆಯಾಗಿಲ್ಲ. ಆ ಬಗ್ಗೆ ಯೋಚಿಸಬೇಡ.

ನಿನ್ನ,
ತಮ್ಮ

ಫೆಬ್ರವರಿ 20

ತಮ್ಮಾ,

ಮಿಷನ್ನು ಅಂತ ಮೊದಲೇ ಹೇಳಬಾರದಿತ್ತಾ? ಹೋದ ತಿಂಗಳು ಅವಳ ದನಿ ಸ್ವಲ್ಪ ಗೊಗ್ಗರಾಗಿದ್ದ ಹಾಗಿತ್ತು. ಬಿಸಿನೀರು ಕುಡಿ, ಕತ್ತಿಗೆ ಬಟ್ಟೆ ಸುತ್ತಿಕೋ ಅಂತ ಐದು ನಿಮಿಷ ಹೇಳಿದೆ. ಅವಳು "ದಯವಿಟ್ಟು ಎರಡನ್ನು ಒತ್ತಿ" ಅಂದಳು. ಪಾಪ, ಕೆಲಸದ ಮೇಲಿದ್ದಾಳೆ, ಹೆಚ್ಚು ಮಾತಾಡುವ ಹಾಗಿಲ್ಲ ಅಂದುಕೊಂಡು ಎರಡನ್ನೂ ಒತ್ತಿದೆ.

ನೀನು ಹೇಳಿದ ಹಾಗೆ ಎಲ್ಲವನ್ನೂ ತೆಗೆದು ನೋಡಿದೆ. ನನ್ನ ಫೋನಿಗೆ ಯಾರಾದರೂ ಕರೆ ಮಾಡಿದರೆ ಅವರಿಗೆ ಕೊಳಲು ಕೇಳಿಸುತ್ತದಂತೆ. ಅದಕ್ಕೆ ತಿಂಗಳು ತಿಂಗಳೂ ದುಡ್ಡು. ಕೊಳಲು ಕೇಳಿಸುವುದು ಅವರಿಗೆ, ಕಟ್ಟುವುದು ನಾನು. ಆಮೇಲೆ ಫೋನಿನಲ್ಲೇ ಡಾಕ್ಟರು. ಆಮೇಲೆ ನೀರು ಸೋಸುವ ಯಂತ್ರಕ್ಕೆ ವರ್ಷದ ರಿಪೇರಿ ಒಪ್ಪಂದ. ನನ್ನ ಹತ್ತಿರ ನೀರು ಸೋಸುವ ಯಂತ್ರ ಇಲ್ಲ. ಪೋಸ್ಟ್‌ಮನ್ನು ಇದನ್ನು ಕೇಳಿ ಎಷ್ಟು ನಕ್ಕನೆಂದರೆ ಕತ್ತಿ ತಾಗುವುದರಲ್ಲಿತ್ತು. "ಅಲ್ಲಾಡಿದ್ರೆ ಕಿವಿ ಹೋಗುತ್ತೆ, ಆಮೇಲೆ ಕೊಳಲು ಕೇಳಿಸಲ್ಲ" ಅಂದೆ.

ಎಲ್ಲವನ್ನೂ ಬಿಡಿಸಿದೆ. ಬಿಡಿಸಲು ಒಂದು ದಿನ ಪೂರ್ತಿ ಹಿಡಿಯಿತು. ಹಿಡಿಸುವಾಗ ಒಂದು ನಂಬರು, ಬಿಡಿಸುವಾಗ ಹದಿನಾರು ನಂಬರು.

ಒಂದು ಮಾತು ಮನಸ್ಸಿನಲ್ಲಿ ಕೂತಿದೆ. ಮಿಷನ್ನಿಗೆ ಇಷ್ಟು ಮರ್ಯಾದೆ ಕಲಿಸಿದವರು ಮನುಷ್ಯನಿಗೆ ಯಾಕೆ ಕಲಿಸಲಿಲ್ಲ?

ಇನ್ನೊಂದು ಸಂತೋಷದ ಸುದ್ದಿ. ಗುಡುಗು ಬಾಯಿ ಮುಚ್ಚಿಕೊಂಡ. ಈ ತಿಂಗಳು ಅಂಗಡಿಯ ಕಡೆ ತಲೆಯೇ ಹಾಕಲಿಲ್ಲ. ಹೋದ ತಿಂಗಳು ಬಂದವನೂ ಕಂತು ಕೇಳಲಿಲ್ಲ, ದಂಡದ ಬಗ್ಗೆ ಏನೋ ಗೊಣಗಿ ಹೋದ. ನಾನು ಗೆದ್ದೆ. ಬಡ್ಡಿಗೆ ಕಿವಿ ಇಲ್ಲ ಅಂತ ಬರೆದಿದ್ದೆಯಲ್ಲ. ಇದೆ, ನೋಡು.

ಗೆದ್ದ ಅಕ್ಕ

ಮಾರ್ಚ್ 9

ಏನೋ,

ಇದಕ್ಕೆ ತಮ್ಮಾ ಅಂತ ಬರೆಯುವುದಿಲ್ಲ. ಗೆದ್ದೆ ಅಂತ ಬರೆದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಯಾಕೆ ಅಂತ ಫೋನು ಮಾಡಿದೆ. ನೀನು ಕೆಲಸದ ಮೇಲಿದ್ದೆ, ನಿನ್ನ ಹೆಂಡತಿ ಎತ್ತಿದಳು. ಅವಳು ಹೇಳುವವಳಲ್ಲ, ನಾನು ಬಿಡುವವಳಲ್ಲ. ಎಲ್ಲವನ್ನೂ ಬಾಯಿಬಿಡಿಸಿದೆ.

ಡಿಸೆಂಬರಿನಿಂದ ನಿನ್ನ ಸಂಬಳದಲ್ಲಿ ನನ್ನ ಕುರ್ಚಿಯ ಕಂತು ಹಿಡಿಯುತ್ತಿದ್ದಾರೆ. ಮೂರು ತಿಂಗಳು. ಗುಡುಗು ಬಾಯಿ ಮುಚ್ಚಿದ್ದು ನನಗೆ ಹೆದರಿ ಅಲ್ಲ, ದುಡ್ಡು ನಿನ್ನ ಜೇಬಿನಿಂದ ಹೋಗುತ್ತಿತ್ತು ಅಂತ. ನಾನು ಗೆದ್ದೆ ಗೆದ್ದೆ ಅಂತ ಪೋಸ್ಟ್‌ಮನ್ನಿಗೆ ಬಿಟ್ಟಿಯಾಗಿ ತಲೆಗೆ ಎಣ್ಣೆ ತಿಕ್ಕಿ ಕಳಿಸಿದ್ದೇನೆ.

ಅದಿರಲಿ. ಕನ್ನಡಕ ಬದಲಾಯಿಸಬೇಕು ಅಂತ ಡಾಕ್ಟರು ಹೇಳಿ ಎಷ್ಟು ಕಾಲವಾಯಿತು? ಈ ಕಂತಿನಿಂದಾಗಿ ಅದನ್ನು ಮುಂದೆ ಹಾಕಿದ್ದೀಯಂತೆ. ಭೂತಗನ್ನಡಿ ಹಿಡಿದು ಗಾಡಿಯ ಸಮಯ ಓದುತ್ತೀಯಂತೆ. ಹೋದ ವಾರ ಆರನೆಯ ಪ್ಲಾಟ್‌ಫಾರ್ಮು ಅಂತ ಇದ್ದದ್ದನ್ನು ಎಂಟು ಅಂತ ಓದಿದೆಯಂತೆ. ಅಷ್ಟೂ ಜನ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿ ಇಳಿದು ಓಡಿ, ಮತ್ತೆ ಹತ್ತಿ ಇಳಿದು ಓಡಿ ಬಂದರಂತೆ. ನೀನು ಮೈಕಿನಲ್ಲಿ ಮೂರು ಸಲ ಕ್ಷಮೆ ಕೇಳಿದೆಯಂತೆ. ಮೇಲಿನವರು ಕರೆದು, ಇನ್ನೊಮ್ಮೆ ಹೀಗಾದರೆ ಮೈಕಿನಿಂದ ಎಬ್ಬಿಸಿ ಲಗೇಜಿನ ಕಡೆ ಹಾಕುತ್ತೇವೆ ಅಂದರಂತೆ.

ಆ ಮೈಕು ಬಿಟ್ಟರೆ ನಿನಗೆ ಬೇರೆ ಏನು ಬರುತ್ತದೆ? ಮೂವತ್ತು ವರ್ಷದಿಂದ ಅದೊಂದೇ ನಿನ್ನ ಸುಖ ಅಂತ ನನಗೆ ಗೊತ್ತಿಲ್ಲವಾ?

ನಾನು ಗುಡುಗಿಗೆ ಬುದ್ಧಿ ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಪೆಟ್ಟು ಅವನಿಗೆ ಬೀಳಲಿಲ್ಲ, ನಿನ್ನ ಕಣ್ಣಿಗೆ ಬಿತ್ತು.

ಯಾಕೆ ಹೇಳಲಿಲ್ಲ? ಒಂದು ಸಾಲು ಸಾಕಿತ್ತು. ಕ್ಷೇಮಸಮಾಚಾರಕ್ಕೆ ಒಂದೂವರೆ ಪುಟ ಇರುತ್ತದೆ, ಇದಕ್ಕೆ ಜಾಗ ಇರಲಿಲ್ಲವಾ?

ಅಕ್ಕ

ಮಾರ್ಚ್ 15

ಅಕ್ಕನಿಗೆ ನಮಸ್ಕಾರಗಳು.

ಹೇಳಿದ್ದರೆ ನೀನು ಸಾಲದ ಕಂಪನಿಗೆ ಕತ್ತಿ ಹಿಡಿದುಕೊಂಡು ಹೋಗುತ್ತಿದ್ದೆ. ಅದೊಂದು ಕಾರಣ.

ಇನ್ನೊಂದು ಕಾರಣ, ನಿನ್ನನ್ನು ಏನಾದರೂ ಕೇಳುವುದು ನನಗೆ ಬಾರದು. ಚಿಕ್ಕವನಿದ್ದಾಗಿನಿಂದ ನಾನು ಕೇಳುವ ಮೊದಲೇ ನೀನು ಬೈದುಕೊಂಡು ತಂದುಕೊಡುತ್ತಿದ್ದೆ. ಹಾಗಾಗಿ ಕಲಿಯಲೇ ಇಲ್ಲ.

ಅವನನ್ನು ಕ್ಷಮಿಸು ಎಂದು ಹೇಳುವುದಿಲ್ಲ. ಆದರೆ ಕಂತು ಕಟ್ಟುವುದಕ್ಕೆ ಕ್ಷಮಿಸಲೇಬೇಕು ಎಂದೇನೂ ಇಲ್ಲ. ಬೈದುಕೊಂಡೇ ಕಟ್ಟಬಹುದು. ನಿನಗೆ ಅದು ಚೆನ್ನಾಗಿ ಬರುತ್ತದೆ.

ಕನ್ನಡಕದ ವಿಷಯ ದೊಡ್ಡದೇನಲ್ಲ. ಎಂಟನೆಯ ಪ್ಲಾಟ್‌ಫಾರ್ಮಿನ ವಿಷಯವನ್ನು ಮಾತ್ರ ಯಾರಿಗೂ ಹೇಳಬೇಡ.

ನಿನ್ನ,
ತಮ್ಮ

ಮಾರ್ಚ್ 29

ತಮ್ಮಾ,

ಎಂಟನೆಯ ಪ್ಲಾಟ್‌ಫಾರ್ಮಿನ ವಿಷಯ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ನಿನ್ನ ಕಾಗದ ಆಮೇಲೆ ಬಂತು.

ಈಗ ನಡೆದದ್ದನ್ನು ಕೇಳು. ನಾನೇ ಗುಡುಗಿಗೆ ಫೋನು ಮಾಡಿ, "ಬಾ, ದುಡ್ಡು ತಗೊಂಡು ಹೋಗು" ಅಂದೆ. ನಿನ್ನೆ ಮಧ್ಯಾಹ್ನ ಬಂದ. ಎಂದಿನ ಹಾಗೆ ಬಾಗಿಲಿಗೆ ಕಾಲು ಕೊಟ್ಟು, "ಏಯ್" ಅಂತ ಶುರು ಮಾಡಿದ. ಬೆಂಚಿನ ಮೇಲೆ ಪೋಸ್ಟ್‌ಮನ್ನು ಪೇಪರು ಮಡಚಿಟ್ಟು ನೆಟ್ಟಗೆ ಕೂತ.

"ದುಡ್ಡು ಆ ಡಬ್ಬಿಯಲ್ಲಿದೆ, ಓಡಿ ಹೋಗಲ್ಲ" ಅಂದೆ. "ಮೊದಲು ಈ ಕನ್ನಡೀಲಿ ನಿನ್ನ ತಲೆ ನೋಡ್ಕೋ. ಯಾರೋ ಕತ್ತರಿಸಿದ್ದು ಅದನ್ನ? ಇಲಿ ಕಚ್ಚಿದ ಹಾಗಿದೆ."

ಅವನ ಕಾಲು ಬಾಗಿಲಿನಿಂದ ಇಳಿಯಿತು. "ನಾನೇ ಮನೇಲಿ..." ಅಂದ.

"ಯಾಕೆ, ಊರಲ್ಲಿ ಅಂಗಡಿ ಇಲ್ವಾ?"

"ನಮ್ಗೆ ಸಂಬಳ ಕಡಿಮೆ, ವಸೂಲಾದಷ್ಟಕ್ಕೆ ಕಮಿಷನ್ನು. ನಿಮ್ಮಂಥವರು ಕಟ್ಟದೆ ಇದ್ರೆ ತಲೆ ಕೂದಲಿಗೆ ಎಲ್ಲಿಂದ ತರ್ಲಿ?"

ನನಗೆ ನಗು ಬಂತು, ತೋರಿಸಲಿಲ್ಲ. "ಕೂತ್ಕೋ" ಅಂದೆ. ಸಾಲದ ಕುರ್ಚಿಯಲ್ಲೇ ಕೂರಿಸಿದೆ. ಕಾಲಿನಿಂದ ಒತ್ತಿ ಪೂರ್ತಿ ಕೆಳಗಿಳಿಸಿದೆ. ಅಷ್ಟು ಎತ್ತರದ ಆಸಾಮಿ ನನ್ನ ಸೊಂಟದ ಮಟ್ಟಕ್ಕೆ ಬಂದ. ಕೂದಲು ಸರಿ ಮಾಡಿ, ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಮಸೆದು, ಗಲ್ಲ ಮೇಲೆತ್ತಿದೆ.

"ಈಗ ಹೇಳು, ಹೆಂಗಸರ ಹತ್ರ, ಮುದುಕರ ಹತ್ರ ಹಂಗೆ ಮಾತಾಡೋಕೆ ಯಾರು ಹೇಳ್ಕೊಟ್ರು ನಿಂಗೆ?"

ಅವನು ತುಟಿ ಅಲ್ಲಾಡಿಸದೆ ಹೇಳಿದ: "ಕಂಪನೀಲೇ ಹೇಳ್ಕೊಡ್ತಾರೆ ಅಮ್ಮಾ. ಒಂದು ವಾರ ಟ್ರೈನಿಂಗು. ಮೊದಲ್ನೇ ಮಾತೇ ಜೋರಾಗಿರ್ಬೇಕು ಅಂತ."

ಅಮ್ಮಾ ಅಂದ. ಕತ್ತಿಗೆ ಹೆದರಿಯೇ ಅಂದಿರಬಹುದು. ಆದರೂ ಅಂದ.

"ಮನೇಲೂ ಹಿಂಗೇನಾ?"

"ಮನೇಲಿ ನಮ್ಮವ್ವ ಕೈ ಎತ್ತಿದ್ರೆ ನಾನು ಮಂಚದ ಕೆಳಗೆ."

ಪೋಸ್ಟ್‌ಮನ್ನು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಗುಡುಗು ಮಾತ್ರ ನಗುವ ಹಾಗಿರಲಿಲ್ಲ, ಕತ್ತಿ ಕತ್ತಿನ ಮೇಲಿತ್ತು. ಮುಖ ತೊಳೆಸಿ ಕುರ್ಚಿಯನ್ನು ಮೇಲೆತ್ತಿದೆ. ಕನ್ನಡಿಯಲ್ಲಿ ನೋಡಿಕೊಂಡ. ಬಲಕ್ಕೆ ತಿರುಗಿ ನೋಡಿದ, ಎಡಕ್ಕೆ ತಿರುಗಿ ನೋಡಿದ. ಒಳ್ಳೆಯ ಮುಖವೇ, ಇಷ್ಟು ದಿನ ಬಾಯಿಯ ಹಿಂದೆ ಅಡಗಿತ್ತು.

"ಈಗ ಹೊರಗೆ ಹೋಗಿ ಮತ್ತೆ ಬಾ" ಅಂದೆ.

ಹೋದ. ಬಂದ. ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ ಅಮ್ಮಾ? ಕಂತಿನ ವಿಷಯ ಸ್ವಲ್ಪ ನೆನಪು ಮಾಡೋಣ ಅಂತ ಬಂದೆ" ಅಂದ. ಅವನ ಕಿವಿ ಕೆಂಪಾಗಿತ್ತು.

ನವೆಂಬರಿನ ಬಾಕಿ, ಈ ತಿಂಗಳ ಕಂತು, ಬರುವ ತಿಂಗಳದು, ದಂಡ, ಎಲ್ಲವನ್ನೂ ಎಣಿಸಿ ಕೊಟ್ಟೆ. ಕೊಳಲು, ಡಾಕ್ಟರು, ಇಲ್ಲದ ಯಂತ್ರದ ರಿಪೇರಿ ಬಿಡಿಸಿದ್ದರಿಂದ ವಾಪಸು ಬಂದದ್ದೂ ಉಳಿದದ್ದೂ ಸೇರಿ ಅಷ್ಟಿತ್ತು. ನಿನ್ನ ಸಂಬಳದಿಂದ ಹಿಡಿಯುವುದನ್ನು ನಿಲ್ಲಿಸುವ ಕಾಗದವನ್ನು ಅವನ ಸಾಹೇಬನಿಗೆ ನನ್ನ ಎದುರೇ ಕಳಿಸಿದ. ರಸೀದಿ ಕೊಟ್ಟ. ಹೊರಡುವಾಗ ನಾನು ಕೈ ಚಾಚಿದೆ.

"ಏನಮ್ಮಾ?"

"ಕಟಿಂಗ್, ಶೇವಿಂಗ್. ನಿನ್ನ ಸಾಲ ನಾನು ತೀರಿಸ್ದೆ, ನನ್ನ ಸಾಲ ನೀನು ತೀರ್ಸು."

ಕೊಟ್ಟ. ಚಿಲ್ಲರೆಯನ್ನೂ ಬಿಟ್ಟು ಹೋದ.

ಅಕ್ಕ

ಏಪ್ರಿಲ್ 2

ಮಾನ್ಯರೇ,

ನಾನು ಸಾಲದ ಕಂಪನಿಯಲ್ಲಿ ವಸೂಲಿ ಕೆಲಸ ಮಾಡುವವನು. ನಿಮ್ಮ ಅಕ್ಕನವರು ಪಕ್ಕದಲ್ಲಿ ನಿಂತು ಇದನ್ನು ಬರೆಸುತ್ತಿದ್ದಾರೆ. ಅವರ ಕೈಯಲ್ಲಿ ಈಗ ಬಾಚಣಿಗೆ ಮಾತ್ರ ಇದೆ. ಆದ್ದರಿಂದ ಹೆದರಿ ಬರೆದದ್ದೆಂದು ತಾವು ತಿಳಿಯಬಾರದು.

ನಿಮ್ಮ ಸಂಬಳದ ಕಡಿತ ನಿಂತಿದೆ. ಜನವರಿಯಲ್ಲಿ ದಂಡದ ಬಗ್ಗೆ ನಾನು ತಮಗೆ ಫೋನು ಮಾಡಿ ಒರಟಾಗಿ ಮಾತಾಡಿದಾಗ ತಾವು "ಕರೆ ಮಾಡಿದ್ದಕ್ಕೆ ಧನ್ಯವಾದಗಳು" ಎಂದಿರಿ. ಆ ದಿನ ನಾನು ಮತ್ತೆ ಯಾರಿಗೂ ಫೋನು ಮಾಡಲಿಲ್ಲ. ಮನಸ್ಸು ಒಂಥರಾ ಆಗಿತ್ತು. ಇದನ್ನು ಅಕ್ಕನವರು ಬರೆಸಿದ್ದಲ್ಲ, ನಾನೇ ಬರೆದದ್ದು.

ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದನ್ನು ಬಿಟ್ಟು ಅಕ್ಕನವರು ಹೇಳಿಕೊಟ್ಟ ಹಾಗೆ ಈ ವಾರ ನಾಲ್ಕು ಮನೆಗೆ ಹೋದೆ. ಮೂರು ಮನೆಯವರು ಕಟ್ಟಿದರು. ನಾಲ್ಕನೆಯವರು ಕಟ್ಟಲಿಲ್ಲ, ಆದರೆ ಕೂರಲು ಸ್ಟೂಲು ಕೊಟ್ಟರು.

ತಮ್ಮ ವಿಶ್ವಾಸಿ,
ಗುಡುಗು
(ಹೀಗೆಯೇ ಸಹಿ ಮಾಡಬೇಕೆಂದು ಅಕ್ಕನವರ ಅಪ್ಪಣೆ)

ಮೇ 6

ತಮ್ಮಾ,

ನಿನ್ನ ಮೂರು ಕಂತಿನ ದುಡ್ಡನ್ನು ಮನಿ ಆರ್ಡರು ಮಾಡಿದೆ. ನೀನು ತೆಗೆದುಕೊಳ್ಳದೆ ವಾಪಸು ಕಳಿಸಿದೆ. "ಇರಲಿ ಅಕ್ಕ, ಅವಸರವಿಲ್ಲ" ಅಂತ ಫೋನು ಮಾಡಿ ಬೇರೆ ಹೇಳಿದೆ. ಅವಸರವಿಲ್ಲವಾ? ಭೂತಗನ್ನಡಿಯವನಿಗೆ ಅವಸರವಿಲ್ಲದೆ ಇನ್ನು ಯಾರಿಗೆ?

ಆ ದುಡ್ಡು ಎಲ್ಲಿಂದ ಬಂತು ಅಂತಲೂ ಕೇಳಲಿಲ್ಲ ನೀನು. ಅಪ್ಪನ ಹಳೆಯ ಕುರ್ಚಿ ಮಾರಿದೆ. ನಾಟಕದವರು ಬಂದು ಒಯ್ದರು, ಸಿಂಹಾಸನ ಮಾಡುತ್ತಾರಂತೆ. ನಿನ್ನನ್ನು ಆ ಕುರ್ಚಿಯ ಕೈಗಳ ಮೇಲೆ ಹಲಗೆ ಅಡ್ಡ ಇಟ್ಟು ಕೂರಿಸಿ ಅಪ್ಪ ಕೂದಲು ಕತ್ತರಿಸುತ್ತಿದ್ದರು. ನೀನು ಅಳುತ್ತಿದ್ದೆ, ಆದರೆ ಸದ್ದು ಮಾಡುತ್ತಿರಲಿಲ್ಲ. ಆಗಲೂ ಹೀಗೇ.

ಈಗ ಕೇಳು. ಕನ್ನಡಿಯ ಮೇಲೆ ಎಲ್ಲರಿಗಿಂತ ಮೊದಲು ಒಂದು ಹೊಸ ಮೊಳೆ ಹೊಡೆದಿದ್ದೇನೆ. ಅದು ನಿನ್ನದು. ಅದರ ಮೇಲೆ ಏನೂ ಇಲ್ಲ. ಬಂದವರೆಲ್ಲ ಇದ್ಯಾವ ಮೊಳೆ ಅಂತ ಕೇಳುತ್ತಾರೆ. ಜಗತ್ತಿನಲ್ಲಿ ಎಲ್ಲರಿಗಿಂತ ಮರ್ಯಾದೆಯವನದು, ಅವನು ಬಿಲ್ಲು ಕಳಿಸುವುದಿಲ್ಲ ಅನ್ನುತ್ತೇನೆ.

ನನಗೆ ನಿನ್ನ ಮರ್ಯಾದೆ ಸಾಕಾಗಿದೆ. ಒಂದು ಸಲ ಬೈದು ಕೇಳು. ಕಾಗದದಲ್ಲೇ ಕೇಳು, ಮೊಳೆಗೆ ಹಾಕಬೇಕು. ಅಲ್ಲಿಯವರೆಗೆ ಈ ದುಡ್ಡು ಮುಟ್ಟುವುದಿಲ್ಲ, ನಿನ್ನ ಹತ್ತಿರ ಮಾತೂ ಆಡುವುದಿಲ್ಲ.

ಅಕ್ಕ

ಮೇ 14

ಏಯ್ ಮುದುಕಿ,

ನನ್ನ ಮೂರು ಕಂತಿನ ದುಡ್ಡು ಎಲ್ಲಿ? ನಾನೇನು ನಿನ್ನ ಕುರ್ಚಿಗೆ ಗ್ರೀಸು ಹಚ್ಚುವ ಆಳೆಂದು ತಿಳಿದೆಯಾ? ಈ ತಿಂಗಳು ಮುಗಿಯುವುದರೊಳಗೆ ದುಡ್ಡು ಬರದಿದ್ದರೆ ಮೈಕು ತೆಗೆದುಕೊಂಡು ಬಂದು ನಿನ್ನ ಅಂಗಡಿಯ ಮುಂದೆ ನಿಂತು, ಈ ಅಂಗಡಿಯವಳು ತಮ್ಮನ ದುಡ್ಡು ನುಂಗಿದ್ದಾಳೆ, ಪ್ರಯಾಣಿಕರು ಗಮನಿಸಬೇಕು ಎಂದು ಕೂಗುತ್ತೇನೆ. ಹುಷಾರ್.

ದುಡ್ಡು ದಯವಿಟ್ಟು ಬಿಸಾಕು.

ನಿನಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇನೆ.

ತಮ್ಮ

ಮೇ 20

ತಮ್ಮಾ,

ದುಡ್ಡು ನಿನ್ನ ಕಾಗದ ಬಂದ ದಿನವೇ ಕಳಿಸಿದೆ. ಈ ಸಲ ವಾಪಸು ಬಂದರೆ ನಾನೇ ಅದರ ಹಿಂದೆ ಬರುತ್ತೇನೆ.

ನಿನ್ನ ಕಾಗದ ಮೊದಲ ಮೊಳೆಯ ಮೇಲಿದೆ. ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದೇನೆ. ಪೋಸ್ಟ್‌ಮನ್ನು ಎರಡು ಸಲ ಓದಿಸಿಕೊಂಡ. ನಲವತ್ತು ವರ್ಷ ಕಾಗದ ಹಂಚಿದರೂ ಇಂಥದ್ದು ಒಂದೂ ಒಡೆದು ನೋಡಲಾಗಲಿಲ್ಲವಲ್ಲ ಅಂತ ಅವನಿಗೆ ಹೊಟ್ಟೆಯುರಿ. ಗುಡುಗು ಮೊನ್ನೆ ಕೂದಲಿಗೆ ಬಂದಿದ್ದ. ಕಂತು ಮೊದಲೇ ಕಟ್ಟಿದ್ದೆ, ಸುಮ್ಮನೆ ಬಂದ. ಅವನಿಗೂ ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿ, "ಶುರು ಚೆನ್ನಾಗಿದೆ ಅಮ್ಮಾ. ಕೊನೇಲಿ ಜಾರಿಬಿಟ್ರು. ಒಂದು ವಾರ ಟ್ರೈನಿಂಗ್ ಕೊಟ್ರೆ ಸರಿ ಹೋಗ್ತಾರೆ" ಅಂದ.

ನನ್ನನ್ನು ಮುದುಕಿ ಅಂದವನ ದುಡ್ಡನ್ನು ಕೇಳಿದ ದಿನವೇ ಕೊಟ್ಟದ್ದು ಇದೇ ಮೊದಲು. ಮತ್ತೆ ಯಾವನಾದರೂ ಅಂದು ನೋಡಲಿ.

ಕನ್ನಡಕ ಮಾಡಿಸಿಕೋ. ಅಗ್ಗದ್ದು ಬೇಡ. ಅದನ್ನು ಹಾಕಿಕೊಂಡು ರಜೆ ಬರೆದು ಒಂದು ಸಲ ಬಾ. ನಿನ್ನ ಕೂದಲು ಹೇಗಾಗಿದೆಯೋ ಏನೋ, ಫೋನಿನಲ್ಲಿ ಕಾಣುವುದಿಲ್ಲ. ಈ ಕುರ್ಚಿಗೆ ಹಲಗೆ ಬೇಡ, ಇಳಿಸಿ ಕೂರಿಸುತ್ತೇನೆ. ಹೊರಡುವಾಗ ಮಾತ್ರ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಅಂತ ಸರಿಯಾಗಿ ನೋಡಿ ಹತ್ತು. ಮೈಕಿನಲ್ಲಿ ಹೇಳಿದ್ದನ್ನು ನಂಬಬೇಡ.

ಕಾಯುತ್ತಿರುವ,
ಮುದುಕಿ